ಮಳೆಗಾಲದಲ್ಲಿ ಕಾಡಾನೆಗಳ ವೀಕ್ಷಣೆ

ಬೇಲೂರಿನ ಚೆನ್ನಕೇಶವ ದೇವಾಲಯವು 1117ರಲ್ಲಿ ಪ್ರತಿಷ್ಠಿತವಾದುದು. ಅದರ ಗೋಡೆಯ ಅಡಿಯಲ್ಲಿ ಸುತ್ತಲೂ ಹಬ್ಬಿರುವ ಆನೆಗಳ ಸಾಲನ್ನು ನೋಡದವರು ವಿರಳ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದಲ್ಲಿಯೂ ಎಲ್ಲಕ್ಕೂ ಕೆಳಗಿನ ಪಟ್ಟಿಕೆ ಆನೆಗಳದೇ. ಸಿಂಹಗಳೂ ಕುದುರೆ ಸವಾರರೂ ಅದರ ಮೇಲಿನ ಪಟ್ಟಿಕೆಗಳಲ್ಲಿದ್ದಾರೆ. ಈ ಮೂರು ಪ್ರಾಣಿಗಳಲ್ಲಿ ಕುದುರೆಯು ನಮ್ಮ ಸೀಮೆಯಲ್ಲಿ ಸಾಕಿದ ಪ್ರಾಣಿಯೇ ಹೊರತು ಕಾಡಿನದಲ್ಲ. ಸಿಂಹವು ಇಲ್ಲಿಲ್ಲ. ಆನೆಯಾದರೋ ಇಂದಿಗೂ ಉಂಟು. ಬೇಲೂರಿನಿಂದ ಹತ್ತಿಪ್ಪತ್ತು ಕಿಲೋಮೀಟರ್ ಪಶ್ಚಿಮಕ್ಕೆ ಹೋದರೆ, ಬಿಕ್ಕೋಡು, ಅರೇಹಳ್ಳಿಗಳ ಸುತ್ತಣ ಕಾಫಿ ತೋಟಗಳಲ್ಲಿ ಅದು ಹಿಂಡು ಹಿಂಡಾಗಿ ಸಂಚರಿಸುತ್ತಿದೆ.

ಕಾಡುಕುದುರೆಗಳನ್ನು ನೋಡಬೇಕೆಂದರೆ ಮಂಗೋಲಿಯ ದೇಶಕ್ಕೆ ಹೋಗಬೇಕು. ಅಲ್ಲಿಯ ಜನರು ತಾಖಿ ಎಂದು ಕರೆಯುವ ಕಾಡುಕುದುರೆಯು 1969ರ ಅನಂತರ ಬಯಲಿನಲ್ಲಿ ಕಾಣದಂತಾಯಿತು. ಮೃಗಾಲಯಗಳಲ್ಲಿ ಬೆಳೆಸಿದ ಕುದುರೆಗಳನ್ನು 1992ರಿಂದ ಪುನಃ ಅಲ್ಲಿಗೆ ತಂದು ಬಿಟ್ಟರು. 2009-10ರ ಚಳಿಗಾಲದಲ್ಲಿ ಹಿಮವು ಮಿತಿಮೀರಿ ಬಿದ್ದಾಗ, ಗೋಬಿ ಪ್ರದೇಶಕ್ಕೆ ಬಿಟ್ಟಿದ್ದ ಕುದುರೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸತ್ತುಹೋದವು. ಒಂದು ಪ್ರಾಣಿಯ ಬಾಳನ್ನು ಅರಿಯಬೇಕಾದರೆ ಅದನ್ನು ಹಿತವಾದ ಕಾಲದಲ್ಲಿ ಮಾತ್ರ ನೋಡಿದರೆ ಸಾಲದು, ಕಷ್ಟದ ಕಾಲದಲ್ಲಿಯೂ ನೋಡಬೇಕೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ನಮ್ಮ ಮಲೆನಾಡಿನಲ್ಲಿ ಹಿಮವಿಲ್ಲ. ಹಿಮದ ಬದಲು ಆರಿದ್ರೆಯಿಂದ ಆಶ್ಲೇಷೆಯವರೆಗೆ ಬಿಡದೆ ಸುರಿಯುವ ಮಳೆ, ಮಳೆಯ ಜೊತೆಗೆ ಮಂಜು, ಕಾಲಿಟ್ಟಲ್ಲೆಲ್ಲ ಕೆಸರು. ಆನೆಗೆ ಇದು ಕಷ್ಟದ ಕಾಲವಲ್ಲ. ಮೇವೂ ನೀರೂ ಆಗ ಸಮೃದ್ಧವಾಗಿರುತ್ತವೆ. ಕಷ್ಟವೆಲ್ಲ ಆನೆಯನ್ನು ನೋಡಬೇಕಾದವರಿಗೆ. ನೋಡುವವನ ಕಣ್ಣಿಗೆ ಮಂಜು ಅಡ್ಡ, ಕಿವಿಗೆ ಮಳೆಯ ಸದ್ದು ಅಡ್ಡ. ಹಾಗೆಂದು ನೋಡುವುದನ್ನು ಕೈಬಿಡುವಂತಿಲ್ಲ. ಬೆಳಗಿನ ಜಾವ ತೋಟದ ಕೆಲಸಕ್ಕೆ ನಡೆದು ಹೋಗುವ ಹೆಣ್ಣುಮಕ್ಕಳು, ಶಾಲೆಗೆ ಹೋಗುವ ಹುಡುಗರು, ಗದ್ದೆಯ ನೀರನ್ನು ನೋಡಿ ಬರಲು ಹೊರಟ ರೈತ, ಇವರ ಪ್ರಾಣವು ‘ಆನೆ ಈಗ ಎಲ್ಲಿದೆ?’ ಎಂಬ ಒಂದು ಪ್ರಶ್ನೆಯನ್ನು ಅವಲಂಬಿಸಿರುತ್ತದೆ.

ಈ ಪ್ರಶ್ನೆಯಲ್ಲಿ ‘ಎಲ್ಲಿ’ ಎಂಬುದಕ್ಕಿಂತ ‘ಈಗ’ ಎಂಬ ಮಾತೇ ಹೆಚ್ಚು ಕಠಿನವಾದುದು. ಹೆಜ್ಜೆಯ ಗುರುತಾಗಲಿ, ಲದ್ದಿಯಾಗಲಿ, ಉಪಗ್ರಹದ ಮೂಲಕ ಬಂದ ಸಂದೇಶವಾಗಲಿ, ಆನೆಯ ಪ್ರತಿಯೊಂದು ಗುರುತೂ ಕಳೆದುಹೋದ ಕ್ಷಣವೊಂದರ ಸುದ್ದಿ. ಅದು ಎಷ್ಟು ಹಳೆಯದೆಂಬುದನ್ನು ಅಳೆಯಬಲ್ಲವನಿಗೆ ಮಾತ್ರ ಅದರಿಂದ ಪ್ರಯೋಜನವುಂಟು. ಅಳೆಯುವ ಬಗೆಯನ್ನು ಭೌತವಿಜ್ಞಾನದ ಸಾಮಾನ್ಯ ನಿಯಮಗಳ ಸಹಾಯದಿಂದ ಪರಿಶೀಲಿಸೋಣ.

ಪ್ರದೇಶ ಮತ್ತು ಪ್ರಾಣಿ

ಹಾಸನ ಜಿಲ್ಲೆಯ ಪಶ್ಚಿಮದ ಅಂಚು ಪಶ್ಚಿಮಘಟ್ಟಗಳ ನೆತ್ತಿಯನ್ನು ಮುಟ್ಟುತ್ತದೆ. ಅರಬ್ಬೀ ಸಮುದ್ರದ ಮೇಲಿನಿಂದ ಬರುವ ತೇವದ ಗಾಳಿಯು ಘಟ್ಟವನ್ನೇರುವಾಗ ತಂಪಾಗಿ ಮಳೆಯನ್ನು ಸುರಿಸುತ್ತದೆ. ಘಟ್ಟವನ್ನು ದಾಟಿದ ಮೇಲೆ ಅದರಲ್ಲಿ ನೀರಿನ ಅಂಶ ಕಡಮೆಯಾಗುತ್ತದೆ. ಆದುದರಿಂದ ಸಕಲೇಶಪುರದಲ್ಲಿ ಜಡಿಮಳೆ ಹಿಡಿದಿರುವಾಗ ಅರಸೀಕೆರೆಯ ಬಯಲಿನಲ್ಲಿ ರೈತರು ಮೋಡವನ್ನೇ ನೋಡುತ್ತ ಕುಳಿತಿರುವುದುಂಟು. ಬೇಲೂರು ಇವೆರಡರ ನಡುವೆ, ಯಗಚಿ ನದಿಯ ದಡದಲ್ಲಿದೆ. ತಾಲ್ಲೂಕಿನ ಪೂರ್ವಭಾಗ ಬಯಲು. ಪಶ್ಚಿಮಭಾಗ ಕಾಫಿ, ಮೆಣಸು, ಏಲಕ್ಕಿಗಳ ಮಲೆನಾಡು.

ಬೇಲೂರು, ಸಕಲೇಶಪುರ, ಆಲೂರು ತಾಲ್ಲೂಕುಗಳ ಆನೆಗಳು ದಟ್ಟವಾದ ಕಾಡಿನೊಳಗೆ ಅಡಗಿಕೊಂಡು ಬಾಳುವ ಆನೆಗಳಲ್ಲ. ಇಲ್ಲಿ ಕಾಡೆಂಬುದು ತುಂಡು ತುಂಡಾಗಿ ಉಳಿದಿದೆ. ಆ ತುಂಡುಗಳ ನಡುವೆ ತೋಟ, ಗದ್ದೆ, ಊರುಗಳಿವೆ. ಹಗಲಿನಲ್ಲಿ ಆನೆಗಳು ಕಾಫಿ ತೋಟದ ನೆರಳುಮರಗಳ ಕೆಳಗೆ ನಿಂತು ಕಾಲ ಕಳೆಯುತ್ತವೆ. ಕತ್ತಲಾದ ಮೇಲೆ ಹೊರಡುತ್ತವೆ. ಮುಂಗಾರಿನ ಮೊದಲಲ್ಲಿ ಹಲಸಿನ ಹಣ್ಣು, ಮುಂದೆ ತೆನೆಗಟ್ಟಿದ ಬತ್ತ, ಎಲ್ಲ ಕಾಲದಲ್ಲಿಯೂ ಬಾಳೆ, ಬಗನೆ ಮೊದಲಾದವು ಅವನ್ನು ಸೆಳೆಯುತ್ತವೆ. ಬೆಳೆದ ಆನೆಯೊಂದಕ್ಕೆ ದಿನಕ್ಕೆ ಸುಮಾರು 150 ಕಿಲೋಗ್ರಾಂ ಹಸಿರು ಮೇವು ಬೇಕೆಂಬುದನ್ನು ನೆನೆದರೆ, ಅದರ ಸಂಚಾರಕ್ಕೆ ಕಾರಣವನ್ನು ಬೇರೆ ಹುಡುಕಬೇಕಾಗಿಲ್ಲ.

ಈ ಸಮಸ್ಯೆಯನ್ನು ವಿಚಾರಿಸಲು ಕರ್ನಾಟಕ ಉಚ್ಚ ನ್ಯಾಯಾಲಯದ ಆದೇಶದಂತೆ ಒಂದು ಆನೆ ಕಾರ್ಯಪಡೆಯು ರಚಿತವಾಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ರಾಮನ್ ಸುಕುಮಾರ್ ಅವರ ನೇತೃತ್ವದ ಈ ತಂಡವು 2012ರಲ್ಲಿ ವರದಿಯನ್ನು ಸಲ್ಲಿಸಿತು. ಆನೆಗಳನ್ನು ಉಳಿಸಿಕೊಳ್ಳಬೇಕಾದ ಪ್ರದೇಶ, ಜನರೂ ಆನೆಗಳೂ ಜೊತೆಯಲ್ಲಿ ಬಾಳಬೇಕಾದ ಪ್ರದೇಶ, ಆನೆಗಳನ್ನು ತೆರವು ಮಾಡಬೇಕಾದ ಪ್ರದೇಶ ಎಂದು ವರದಿಯು ಮೂರು ವಿಭಾಗಗಳನ್ನು ಮಾಡಿತು. ಅನಂತರ ಆಲೂರು, ಸಕಲೇಶಪುರಗಳ ಕಡೆ ಅನೇಕ ಆನೆಗಳನ್ನು ಹಿಡಿದು ಸಾಗಿಸಿದರು. ಆದರೂ ಆನೆಗಳ ಸಂಚಾರ ನಿಲ್ಲಲಿಲ್ಲ. ಹಿಡಿದು ಸಾಗಿಸಿದಷ್ಟರಿಂದಲೇ ಪ್ರಶ್ನೆ ಮುಗಿಯದೆಂದ ಮೇಲೆ, ಉಳಿದಿರುವ ಆನೆಗಳು ಎಲ್ಲಿವೆಯೆಂದು ದಿನದಿನವೂ ತಿಳಿಯುವುದು ಅನಿವಾರ್ಯವಾಯಿತು.

ಹೆಜ್ಜೆಯಿಂದ ಎತ್ತರ

ಮಳೆಗಾಲವು ನೋಡುವವನಿಂದ ಎಷ್ಟನ್ನು ಕಿತ್ತುಕೊಳ್ಳುತ್ತದೆಯೋ ಅಷ್ಟನ್ನು ಇನ್ನೊಂದು ಬಗೆಯಲ್ಲಿ ಕೊಡುತ್ತದೆ. ಬೇಸಗೆಯ ಗಟ್ಟಿ ನೆಲದ ಮೇಲೆ ಆನೆಯ ಹೆಜ್ಜೆ ಸರಿಯಾಗಿ ಮೂಡುವುದಿಲ್ಲ. ಮಳೆಗಾಲದ ಹದವಾದ ಮಣ್ಣಿನಲ್ಲಿ ಮುದ್ರೆಯೊತ್ತಿದಂತೆ ಮೂಡುತ್ತದೆ. ಮುಂಗಾಲಿನ ಗುರುತು ದುಂಡಗಿರುತ್ತದೆ. ಹಿಂಗಾಲಿನದು ಉದ್ದುದ್ದವಾಗಿ ಮೊಟ್ಟೆಯಾಕಾರವಾಗಿರುತ್ತದೆ.

ಮುಂಗಾಲಿನ ಗುರುತಿನ ಸುತ್ತಳತೆಯನ್ನು ಎರಡರಿಂದ ಗುಣಿಸಿದರೆ ಆನೆಯ ಭುಜದ ಎತ್ತರವು ಸರಿಸುಮಾರಾಗಿ ದೊರೆಯುತ್ತದೆ. ಖೆಡ್ಡಾ ನಡೆಸುತ್ತಿದ್ದವರಿಗೆ ಈ ನಿಯಮ ಚೆನ್ನಾಗಿ ತಿಳಿದಿತ್ತು; ಇಂದಿಗೂ ಇದು ಬಳಕೆಯಲ್ಲಿದೆ. ಗುರುತಿನ ಅಂಚಿನ ಮೇಲೆ ಒಂದು ದಾರವನ್ನಿಟ್ಟು ಅಳೆದಾಗ 115 ಸೆಂಟಿಮೀಟರ್ ಬಂದಿತೆಂದು ಇಟ್ಟುಕೊಳ್ಳೋಣ. ಆಗ ಆನೆಯ ಎತ್ತರ ಸುಮಾರು 230 ಸೆಂಟಿಮೀಟರ್ ಆಗುವುದು. ಬೆಳೆದ ಹೆಣ್ಣಾನೆಯ ಎತ್ತರ ಸಾಮಾನ್ಯವಾಗಿ ಇಷ್ಟಿರುತ್ತದೆ. ಹೀಗೆ ಒಂದು ಹಿಂಡಿನ ಹೆಜ್ಜೆಗಳನ್ನೆಲ್ಲ ಅಳೆದರೆ, ಆನೆಗಳನ್ನು ಕಣ್ಣಿನಿಂದ ಕಾಣದೆಯೇ ಹಿಂಡಿನಲ್ಲಿ ಮರಿಗಳಿವೆಯೇ, ಅಥವಾ ಹೋದದ್ದು ಒಂಟಿ ಸಲಗವೇ ಎಂಬುದನ್ನು ಊಹಿಸಬಹುದು. ಈ ಭೇದವನ್ನು ತಿಳಿಯುವುದು ಮುಖ್ಯ. ಏಕೆಂದರೆ ಮರಿಯಿರುವ ಹಿಂಡು ನಡೆದುಕೊಳ್ಳುವ ರೀತಿ ಬೇರೆ, ಒಂಟಿ ಸಲಗ ನಡೆದುಕೊಳ್ಳುವ ರೀತಿ ಬೇರೆ.

ಎಚ್ಚರಿಕೆಯ ಮಾತೊಂದುಂಟು. ಕೆಸರು ತೀರ ತೆಳುವಾಗಿದ್ದರೆ ಪಾದವು ಜಾರಿ ಗುರುತು ಹಿಗ್ಗುತ್ತದೆ. ಮುಂಗಾಲಿನ ಗುರುತಿನ ಮೇಲೆಯೇ ಹಿಂಗಾಲು ಬಿದ್ದು ಆಕಾರ ಕೆಡುವುದೂ ಉಂಟು. ಇಂಥ ಗುರುತುಗಳನ್ನು ಬಿಟ್ಟು, ಅಂಚು ಸ್ಪಷ್ಟವಾಗಿರುವ ಹಲವು ಗುರುತುಗಳನ್ನು ಅಳೆದು ಸರಾಸರಿಯನ್ನು ತೆಗೆಯಬೇಕು. ಪ್ರಯೋಗಶಾಲೆಯಲ್ಲಿ ತಂತಿಯ ವ್ಯಾಸವನ್ನು ಹಲವೆಡೆ ಅಳೆದು ಸರಾಸರಿ ತೆಗೆಯುವ ವಿದ್ಯಾರ್ಥಿಗೆ ಇದರ ಕಾರಣವನ್ನು ಹೇಳಬೇಕಾಗಿಲ್ಲ.

ಹೆಜ್ಜೆಯೆಂಬ ಗಡಿಯಾರ

ಎತ್ತರ ತಿಳಿಯಿತು. ಆನೆ ಎಷ್ಟು ಹೊತ್ತಿನ ಹಿಂದೆ ಹೋಯಿತು? ಅನುಭವಶಾಲಿಯಾದ ಕಾವಲುಗಾರನು ಹೆಜ್ಜೆಯೊಳಗೆ ನಿಂತ ನೀರನ್ನು ನೋಡುತ್ತಾನೆ. ನೀರು ಕದಡಿದ್ದರೆ ಆನೆ ಈಗ ತಾನೇ ಹೋಗಿದೆ. ತಿಳಿಯಾಗಿದ್ದರೆ ಹೋಗಿ ಹೊತ್ತಾಗಿದೆ. ಈ ತಿಳುವಳಿಕೆಯ ಹಿಂದೆ ಒಂದು ಸುಂದರವಾದ ನಿಯಮವಿದೆ.

ದ್ರವವೊಂದರಲ್ಲಿ ಸಣ್ಣ ಗೋಳವು ಯಾವ ವೇಗದಿಂದ ಕೆಳಗಿಳಿಯುತ್ತದೆಂಬುದನ್ನು ಸ್ಟೋಕ್ಸ್ ಎಂಬ ವಿಜ್ಞಾನಿಯು 1851ರಲ್ಲಿ ಗಣಿತದಿಂದ ತೋರಿಸಿಕೊಟ್ಟನು. ವೇಗವು ಗೋಳದ ತ್ರಿಜ್ಯದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಅಂದರೆ ಕಣದ ಗಾತ್ರ ಹತ್ತು ಪಾಲು ಕಡಮೆಯಾದರೆ, ಅದು ಇಳಿಯುವ ವೇಗವು ನೂರು ಪಾಲು ಕಡಮೆಯಾಗುತ್ತದೆ. ಮಣ್ಣಿನ ಕಣಗಳ ಸಾಂದ್ರತೆಯನ್ನು ನೀರಿನದಕ್ಕಿಂತ 2.65 ಪಟ್ಟು ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ ಈ ಫಲ ಬರುತ್ತದೆ: ಮಿಲಿಮೀಟರಿನ ಐವತ್ತನೆಯ ಒಂದು ಪಾಲು ವ್ಯಾಸವುಳ್ಳ ಗೋಡುಮಣ್ಣಿನ ಕಣವು 5 ಸೆಂಟಿಮೀಟರ್ ಇಳಿಯಲು ಎರಡೂವರೆ ನಿಮಿಷಕ್ಕಿಂತ ಕಡಮೆ ಸಾಕು. ಅದರ ಹತ್ತನೆಯ ಒಂದು ಪಾಲು ವ್ಯಾಸವುಳ್ಳ ಜೇಡಿಮಣ್ಣಿನ ಕಣಕ್ಕೆ ಅದೇ ದೂರವನ್ನು ಇಳಿಯಲು ಸುಮಾರು ನಾಲ್ಕು ಗಂಟೆ ಬೇಕು.

ಹೆಜ್ಜೆಯಲ್ಲಿ ಈ ಎರಡು ಬಗೆಯ ಕಣಗಳೂ ಇರುತ್ತವೆ. ಮೊದಲ ಕೆಲವು ನಿಮಿಷಗಳಲ್ಲಿ ದಪ್ಪ ಕಣಗಳು ಇಳಿದು ನೀರು ಗಂಜಿಯಂತಿದ್ದುದು ಮಜ್ಜಿಗೆನೀರಿನಂತಾಗುತ್ತದೆ. ಪೂರ್ತಿ ತಿಳಿಯಾಗಲು ಗಂಟೆಗಳೇ ಹಿಡಿಯುತ್ತವೆ. ಆದುದರಿಂದ ಹೆಜ್ಜೆಯು ಎರಡು ಮುಳ್ಳುಗಳಿರುವ ಗಡಿಯಾರದಂತೆ. ದಪ್ಪ ಕಣಗಳು ನಿಮಿಷದ ಮುಳ್ಳು, ಸಣ್ಣ ಕಣಗಳು ಗಂಟೆಯ ಮುಳ್ಳು. ಆದರೆ ನಡುವೆ ಮಳೆ ಬಿದ್ದರೆ ಹನಿಗಳು ನೀರನ್ನು ಪುನಃ ಕದಡುತ್ತವೆ, ಗಡಿಯಾರ ಕೆಡುತ್ತದೆ. ಆಗ ಗುರುತಿನ ಅಂಚನ್ನು ನೋಡಬೇಕು. ಹೊಸ ಹೆಜ್ಜೆಯ ಅಂಚು ಚೂಪಾಗಿರುತ್ತದೆ. ಮಳೆಗೆ ಸಿಕ್ಕ ಹೆಜ್ಜೆಯ ಅಂಚು ಕರಗಿ ಮೊಂಡಾಗಿರುತ್ತದೆ. ನೀರು ಕದಡಿದ್ದು ಅಂಚೂ ಚೂಪಾಗಿದ್ದರೆ, ಕೂಡಲೆ ಹಿಂದಿರುಗುವುದೇ ವಿವೇಕ.

ಕೆಸರಿನಲ್ಲಿ ನಡೆಯುವ ಕಲೆ

ಇಷ್ಟು ಭಾರದ ಪ್ರಾಣಿ ಕೆಸರುಗದ್ದೆಯನ್ನು ದಾಟಿ ಹೋಗುವುದಾದರೂ ಹೇಗೆ? ಭಾರಕ್ಕೂ ಒತ್ತಡಕ್ಕೂ ಇರುವ ಭೇದವನ್ನು ಮರೆತವರಿಗೆ ಮಾತ್ರ ಇದು ಆಶ್ಚರ್ಯವಾಗಿ ತೋರುವುದು. ಒತ್ತಡವೆಂದರೆ ಭಾರವನ್ನು ವಿಸ್ತೀರ್ಣದಿಂದ ಭಾಗಿಸಿದಾಗ ಬರುವ ಮೊತ್ತ.

ಮೇಲೆ ಹೇಳಿದ ಹೆಣ್ಣಾನೆಯ ತೂಕವನ್ನು 2,700 ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ಮುಂಗಾಲಿನ ಸುತ್ತಳತೆ 115 ಸೆಂಟಿಮೀಟರ್ ಆದುದರಿಂದ ಆ ಪಾದದ ವಿಸ್ತೀರ್ಣ ಸುಮಾರು 1,050 ಚದರ ಸೆಂಟಿಮೀಟರ್. ಹಿಂಗಾಲುಗಳು ಸ್ವಲ್ಪ ಚಿಕ್ಕವು. ನಾಲ್ಕೂ ಸೇರಿ 4,000 ಚದರ ಸೆಂಟಿಮೀಟರ್ ಎನ್ನಬಹುದು. ಆನೆ ನಿಂತಾಗ ಪ್ರತಿ ಚದರ ಸೆಂಟಿಮೀಟರಿಗೆ ಬೀಳುವ ಭಾರ 0.7 ಕಿಲೋಗ್ರಾಮಿಗೂ ಕಡಮೆ. 450 ಕಿಲೋಗ್ರಾಂ ತೂಗುವ ಕುದುರೆಯ ನಾಲ್ಕು ಗೊರಸುಗಳ ಒಟ್ಟು ವಿಸ್ತೀರ್ಣವನ್ನು 450 ಚದರ ಸೆಂಟಿಮೀಟರ್ ಎಂದು ಹಿಡಿದರೆ ಅದರ ಒತ್ತಡ ಚದರ ಸೆಂಟಿಮೀಟರಿಗೆ 1 ಕಿಲೋಗ್ರಾಂ. ಕುದುರೆಯ ಆರರಷ್ಟು ತೂಗುವ ಆನೆಯು ನೆಲವನ್ನು ಕುದುರೆಗಿಂತ ಮೆತ್ತಗೆ ಒತ್ತುತ್ತದೆ!

ಓಡುವಾಗ ಈ ಅಂತರ ಇನ್ನೂ ಹೆಚ್ಚುತ್ತದೆ. ನಾಗಾಲೋಟದಲ್ಲಿ ಕುದುರೆಯ ನಾಲ್ಕು ಕಾಲುಗಳೂ ಒಮ್ಮೆಗೇ ನೆಲ ಬಿಡುತ್ತವೆಂಬುದನ್ನು 1878ರಲ್ಲಿ ಮೈಬ್ರಿಜ್ ತೆಗೆದ ಛಾಯಾಚಿತ್ರಗಳು ಪ್ರಸಿದ್ಧವಾಗಿ ತೋರಿಸಿದವು. ಆಮೇಲೆ ಇಡೀ ಭಾರವು ಒಂದೊಂದೇ ಕಾಲಿನ ಮೇಲೆ ಬೀಳುತ್ತದೆ. ಆನೆಯಾದರೋ ಎಷ್ಟೇ ವೇಗವಾಗಿ ಹೋದರೂ ನಾಲ್ಕು ಕಾಲುಗಳನ್ನೂ ಒಮ್ಮೆಗೇ ಎತ್ತುವುದಿಲ್ಲ. ಒಂದು ಕಾಲಾದರೂ ನೆಲದ ಮೇಲಿರುತ್ತದೆ.

ಕೆಸರಿನಲ್ಲಿ ಕಾಲನ್ನು ಊರುವುದಕ್ಕಿಂತ ಕೀಳುವುದು ಕಷ್ಟ. ಪಾದವನ್ನು ಎತ್ತುವಾಗ ಅದರ ಅಡಿಯಲ್ಲಿ ಗಾಳಿಗೆ ಎಡೆಯಿಲ್ಲದೆ ಒತ್ತಡ ಕುಗ್ಗುತ್ತದೆ. ಮೇಲಿನ ವಾಯುಭಾರವು ಪಾದವನ್ನು ಕೆಳಕ್ಕೆ ಅದುಮುತ್ತದೆ. ಅಡಿಯ ಒತ್ತಡವು ವಾಯುಭಾರದ ಹತ್ತನೆಯ ಒಂದು ಪಾಲಿನಷ್ಟು ಕುಗ್ಗಿದರೂ, ಆನೆಯ ಒಂದು ಪಾದವನ್ನು ಕೀಳಲು ಸುಮಾರು 100 ಕಿಲೋಗ್ರಾಂ ಭಾರವನ್ನು ಎತ್ತುವಷ್ಟು ಬಲ ಅಧಿಕವಾಗಿ ಬೇಕು. ಇದಕ್ಕೆ ಪ್ರಕೃತಿಯೇ ಪರಿಹಾರವನ್ನು ಒದಗಿಸಿದೆ. ಆನೆಯ ಅಂಗಾಲಿನ ಒಳಗೆ ಕೊಬ್ಬಿನಿಂದಲೂ ನಾರಿನಿಂದಲೂ ಆದ ದಪ್ಪ ಮೆತ್ತೆಯುಂಟು. ಭಾರ ಬಿದ್ದಾಗ ಪಾದವು ಅಗಲವಾಗುತ್ತದೆ, ಎತ್ತಿದಾಗ ಕಿರಿದಾಗುತ್ತದೆ. ಕಿರಿದಾದಾಗ ಪಕ್ಕದಲ್ಲಿ ಸಂದಾಗಿ ಗಾಳಿ ಒಳನುಗ್ಗುತ್ತದೆ, ಪಾದ ಸಡಿಲವಾಗಿ ಮೇಲೇಳುತ್ತದೆ. ಎತ್ತು ಎಮ್ಮೆಗಳ ಸೀಳುಗೊರಸೂ ಹಾಗೆಯೇ ಕೆಸರಿನಲ್ಲಿ ಅಗಲಿಸಿ ಮತ್ತೆ ಕೂಡಿಕೊಳ್ಳುತ್ತದೆ. ಕುದುರೆಯ ಗೊರಸು ಗಟ್ಟಿಯಾದ ಒಂದೇ ತುಂಡು. ನಮ್ಮ ರೈತರು ಕೆಸರುಗದ್ದೆಗೆ ಎತ್ತು, ಕೋಣಗಳನ್ನು ಇಳಿಸಿದರೇ ಹೊರತು ಕುದುರೆಯನ್ನು ಇಳಿಸಲಿಲ್ಲವೆಂಬುದನ್ನು ಇಲ್ಲಿ ಸ್ಮರಿಸಬಹುದು.

ಆನೆ ಬರುವಾಗ ಸದ್ದೇ ಆಗುವುದಿಲ್ಲವೆಂದು ಮಲೆನಾಡಿನವರು ಹೇಳುವುದುಂಟು. ಮೆತ್ತೆಯ ಪಾದ, ನೆನೆದ ತರಗೆಲೆ, ಮಳೆಯ ಶಬ್ದ, ಈ ಮೂರೂ ಕೂಡಿದಾಗ ಆ ಮಾತು ಅಕ್ಷರಶಃ ಸತ್ಯವಾಗುತ್ತದೆ.

ಮಳೆ, ಚಳಿ ಮತ್ತು ಮೈಯ ಗಾತ್ರ

ಹಿಮ ಬೀಳುವ ದೇಶದ ಕುದುರೆಗೆ ಚಳಿಗಾಲದಲ್ಲಿ ದಟ್ಟವಾದ ಕೂದಲು ಬೆಳೆಯುತ್ತದೆ. ಕೂದಲಿನ ನಡುವೆ ಸಿಕ್ಕ ಗಾಳಿಯು ಉಷ್ಣವನ್ನು ಹೊರಗೆ ಬಿಡದು. ಆದುದರಿಂದ ಅದರ ಬೆನ್ನಿನ ಮೇಲೆ ಬಿದ್ದ ಹಿಮ ಕರಗದೆ ಹಾಗೆಯೇ ಉಳಿಯುತ್ತದೆ. ಆನೆಗೆ ಅಂಥ ಕೂದಲಿಲ್ಲ. ಅದನ್ನು ಕಾಪಾಡುವುದು ಅದರ ಗಾತ್ರವೇ.

ತಾಯಿಯಾನೆಯ ತೂಕ 2,700, ಹುಟ್ಟಿದ ಮರಿಯ ತೂಕ 100 ಕಿಲೋಗ್ರಾಂ ಎಂದಿರಲಿ. ತೂಕದಲ್ಲಿ 27 ಪಟ್ಟು ವ್ಯತ್ಯಾಸ. ಆಕಾರ ಒಂದೇ ಬಗೆಯದಾದರೆ ಉದ್ದದಲ್ಲಿ 3 ಪಟ್ಟು, ಚರ್ಮದ ವಿಸ್ತೀರ್ಣದಲ್ಲಿ 9 ಪಟ್ಟು. ಉಷ್ಣ ಹುಟ್ಟುವುದು ಮೈಯೊಳಗೆ, ಹೊರಗೆ ಹೋಗುವುದು ಚರ್ಮದ ಮೂಲಕ. ಒಂದು ಕಿಲೋಗ್ರಾಂ ಮೈಗೆ ಮರಿಯಲ್ಲಿ ಇರುವ ಚರ್ಮವು ತಾಯಿಯಲ್ಲಿ ಇರುವುದರ ಮೂರರಷ್ಟಾಯಿತು. ಹೀಗಿರುವುದರಿಂದ ಒಂದೇ ಮಳೆಯಲ್ಲಿ ನೆನೆದರೂ ಮರಿಯು ತಾಯಿಗಿಂತ ಬೇಗ ತಣ್ಣಗಾಗುತ್ತದೆ. ಮರಿಯು ತಾಯಿಯ ಹೊಟ್ಟೆಯಡಿಗೆ ಸರಿದು ನಿಂತರೆ ಅದಕ್ಕೆ ಆಸರೆಯೂ ದೊರೆಯುತ್ತದೆ, ಬೆಚ್ಚನೆಯೂ ಆಗುತ್ತದೆ. ಮರಿ ಜೊತೆಗಿರುವ ಹಿಂಡಿನ ಬಳಿ ಸುಳಿಯುವವರಿಗೆ ಅಪಾಯ ಹೆಚ್ಚೆಂಬುದನ್ನು ಇಲ್ಲಿ ಮತ್ತೆ ಹೇಳಬೇಕಾಗಿದೆ.

ಲದ್ದಿಯ ಲೆಕ್ಕ

ಒಂದು ಪ್ರದೇಶದಲ್ಲಿ ಎಷ್ಟು ಆನೆಗಳಿವೆಯೆಂದು ತಿಳಿಯಲು ಲದ್ದಿಯ ಗುಡ್ಡೆಗಳನ್ನು ಎಣಿಸುವ ವಿಧಾನವುಂಟು. ಕೇಳಿದವರಿಗೆ ನಗು ಬರಬಹುದು. ಆದರೆ ಇದರ ತತ್ತ್ವವು ವಿಕಿರಣಶೀಲ ವಸ್ತುಗಳ ಸಮತೋಲವನ್ನು ಓದಿದವರಿಗೆ ಪರಿಚಿತವಾದುದೇ. ಹೊಸ ಗುಡ್ಡೆಗಳು ಪ್ರತಿದಿನವೂ ಬೀಳುತ್ತಿರುತ್ತವೆ, ಹಳೆಯವು ಅಳಿಯುತ್ತಿರುತ್ತವೆ. ಬೀಳುವುದೂ ಅಳಿಯುವುದೂ ಸಮವಾದಾಗ ನೆಲದ ಮೇಲಿರುವ ಗುಡ್ಡೆಗಳ ಸಂಖ್ಯೆ ಹೆಚ್ಚುಕಡಮೆ ಸ್ಥಿರವಾಗುತ್ತದೆ. ಆ ಸಂಖ್ಯೆಯು ಆನೆಗಳ ಸಂಖ್ಯೆ, ಒಂದು ಆನೆ ದಿನಕ್ಕೆ ಹಾಕುವ ಗುಡ್ಡೆಗಳು, ಒಂದು ಗುಡ್ಡೆ ಉಳಿಯುವ ಸರಾಸರಿ ದಿನಗಳು, ಈ ಮೂರರ ಗುಣಲಬ್ಧ.

ಆನೆಯೊಂದು ದಿನಕ್ಕೆ 16 ಸಲ ಲದ್ದಿ ಹಾಕುತ್ತದೆಂದೂ ಗುಡ್ಡೆಯೊಂದು ಸರಾಸರಿ 100 ದಿನ ಉಳಿಯುತ್ತದೆಂದೂ ಭಾವಿಸೋಣ. ಆಗ ಒಂದು ಆನೆಗೆ 1,600 ಗುಡ್ಡೆಗಳು ನೆಲದ ಮೇಲಿರುತ್ತವೆ. ಮಳೆ, ಹುಳು, ಬೂಷ್ಟುಗಳ ದೆಸೆಯಿಂದ ಗುಡ್ಡೆ 50 ದಿನಗಳಲ್ಲಿಯೇ ಅಳಿದುಹೋದರೆ 800 ಮಾತ್ರ. ಮಳೆಯನ್ನು ಗಣನೆಗೆ ತಾರದೆ ಎಣಿಸಿದವನು, ಇದ್ದ ಆನೆಗಳಲ್ಲಿ ಅರ್ಧ ಕಾಣೆಯಾದುವೆಂದು ಬರೆದಿಡುತ್ತಾನೆ! ಆದುದರಿಂದ ಯಾವ ಪ್ರದೇಶದಲ್ಲಿ, ಯಾವ ಕಾಲದಲ್ಲಿ ಎಣಿಸುತ್ತೇವೆಯೋ ಅಲ್ಲಿಯೇ ಲದ್ದಿ ಎಷ್ಟು ದಿನ ಉಳಿಯುತ್ತದೆಂಬುದನ್ನು ಮೊದಲು ಪರೀಕ್ಷಿಸಬೇಕಾಗುತ್ತದೆ. ದಕ್ಷಿಣ ರಾಜ್ಯಗಳು ಒಟ್ಟಾಗಿ ನಡೆಸಿದ 2023ರ ಆನೆಗಳ ಎಣಿಕೆಯು ಮುಂಗಾರಿಗೆ ಮುಂಚೆ, ಮೇ ತಿಂಗಳಿನಲ್ಲಿ ನಡೆಯಿತು. ಕರ್ನಾಟಕದಲ್ಲಿ 6,395 ಆನೆಗಳಿವೆಯೆಂದು ಅದರಿಂದ ಅಂದಾಜು ಮಾಡಿದರು.

ಮಂಜು, ಧ್ವನಿ, ರೇಡಿಯೊ

ಮಂಜಿನಲ್ಲಿ ಕೆಂಪು ದೀಪ ಹೆಚ್ಚು ದೂರ ಕಾಣುತ್ತದೆಂದು ಅನೇಕರು ನಂಬಿದ್ದಾರೆ. ಗಾಳಿಯ ಅಣುಗಳು ಬೆಳಕನ್ನು ಚೆದರಿಸುವಾಗ ನೀಲಿಯು ಹೆಚ್ಚಾಗಿ, ಕೆಂಪು ಕಡಮೆಯಾಗಿ ಚೆದರುವುದು ನಿಜ. ಆಕಾಶ ನೀಲಿಯಾಗಿ ಕಾಣುವುದು ಅದರಿಂದಲೇ. ಆದರೆ ಮಂಜಿನ ಹನಿಯ ವ್ಯಾಸವು ಬೆಳಕಿನ ಅಲೆಯುದ್ದಕ್ಕಿಂತ ಹತ್ತಾರು ಪಟ್ಟು ದೊಡ್ಡದು. ಅದು ಎಲ್ಲ ಬಣ್ಣಗಳನ್ನೂ ಸಮನಾಗಿಯೇ ಚೆದರಿಸುತ್ತದೆ. ಮಂಜು ಬೆಳ್ಳಗೆ ಕಾಣುವುದಕ್ಕೆ ಇದೇ ಕಾರಣ. ಮಲೆನಾಡಿನ ಮಂಜಿನಲ್ಲಿ ಯಾವ ಬಣ್ಣದ ಟಾರ್ಚ್ ಹಿಡಿದರೂ ಪ್ರಯೋಜನ ಅಷ್ಟಕ್ಕಷ್ಟೆ. ಉಷ್ಣವನ್ನು ಗ್ರಹಿಸುವ ಕ್ಯಾಮೆರಾಗಳನ್ನು ಡ್ರೋನ್‌ಗಳಲ್ಲಿಟ್ಟು ಹಾರಿಸುವುದುಂಟು. ಆದರೆ ಮಳೆಯಲ್ಲಿ ನೆನೆದ ಆನೆಯ ಚರ್ಮವು ಸುತ್ತಣ ಗಿಡಗಳಷ್ಟೇ ತಣ್ಣಗಾಗುತ್ತ ಬರುವುದರಿಂದ ಅಲ್ಲಿಯೂ ಅಂತರ ಮಸಕಾಗುತ್ತದೆ.

ನಮಗೆ ಕಾಣದಿರುವಾಗ ಆನೆಗಳು ತಮ್ಮ ತಮ್ಮಲ್ಲಿ ಸಂಪರ್ಕವನ್ನಿಟ್ಟುಕೊಳ್ಳುವುದು ಹೇಗೆ? 1984ರಲ್ಲಿ ಅಮೆರಿಕದ ಪೋರ್ಟ್‌ಲೆಂಡ್ ನಗರದ ಮೃಗಾಲಯದಲ್ಲಿ ಏಷ್ಯದ ಆನೆಗಳ ಬಳಿ ನಿಂತಿದ್ದ ಕ್ಯಾಥರಿನ್ ಪೇಯ್ನ್ ಎಂಬ ವಿಜ್ಞಾನಿಗೆ ಗಾಳಿಯಲ್ಲಿ ಒಂದು ಬಗೆಯ ಮಿಡಿತದ ಅನುಭವವಾಯಿತು. ಧ್ವನಿಮುದ್ರಣ ಮಾಡಿ ನೋಡಿದಾಗ, ಆನೆಗಳು ಸೆಕೆಂಡಿಗೆ 14ರಿಂದ 24 ಕಂಪನಗಳಷ್ಟು ಕೆಳಗಿನ ಶ್ರುತಿಯಲ್ಲಿ ಕೂಗುತ್ತಿದ್ದವೆಂದು ತಿಳಿಯಿತು. ಮನುಷ್ಯನ ಕಿವಿಗೆ ಸೆಕೆಂಡಿಗೆ 20 ಕಂಪನಗಳಿಗಿಂತ ಕೆಳಗಿನ ಧ್ವನಿಯು ಸಾಮಾನ್ಯವಾಗಿ ಕೇಳಿಸದು. 20 ಕಂಪನಗಳ ಧ್ವನಿಯ ಅಲೆಯುದ್ದ 17 ಮೀಟರ್. ಅಷ್ಟು ಉದ್ದದ ಅಲೆಗೆ ಸಿಲ್ವರ್ ಮರದ ಕಾಂಡವಾಗಲಿ ಕಾಫಿ ಗಿಡವಾಗಲಿ ಅಡ್ಡಿಯೇ ಅಲ್ಲ. ಕೆರೆಯ ದೊಡ್ಡ ಅಲೆಯು ನೆಟ್ಟ ಕಡ್ಡಿಯನ್ನು ಬಳಸಿಕೊಂಡು ಹೋಗುವಂತೆ ಅದು ಮುಂದೆ ಸಾಗುತ್ತದೆ. ತೋಟದ ಮೌನದಲ್ಲಿ ನಾವು ನಿಂತಿರುವಾಗ, ನಮ್ಮ ಸುತ್ತ ಮಾತುಕತೆ ನಡೆಯುತ್ತಿರಬಹುದು.

ಮಾನವನು ಇದಕ್ಕೆ ಪ್ರತಿಯಾಗಿ ರೇಡಿಯೊ ಅಲೆಗಳನ್ನು ಬಳಸುತ್ತಾನೆ. ಹಿಂಡನ್ನು ನಡೆಸುವ ಹಿರಿಯ ಹೆಣ್ಣಾನೆಯ ಕುತ್ತಿಗೆಗೆ ಪಟ್ಟಿಯೊಂದನ್ನು ಕಟ್ಟುತ್ತಾರೆ. ಪಟ್ಟಿಯಲ್ಲಿರುವ ಗ್ರಾಹಕವು ಸುಮಾರು 20,000 ಕಿಲೋಮೀಟರ್ ಎತ್ತರದ ಉಪಗ್ರಹಗಳಿಂದ ಬರುವ ಸಂಕೇತಗಳನ್ನು ಹಿಡಿದು ತನ್ನ ಸ್ಥಾನವನ್ನು ಲೆಕ್ಕ ಹಾಕಿ ತಿಳಿಸುತ್ತದೆ. ಈ ಅಲೆಗಳ ಉದ್ದ ಸುಮಾರು 19 ಸೆಂಟಿಮೀಟರ್. ನೆನೆದ ಎಲೆಗಳ ದಟ್ಟ ಮುಚ್ಚಳವು ಇವನ್ನು ಕುಂದಿಸುತ್ತದೆ. ಇಂಥ ಪಟ್ಟಿಯನ್ನು ಕಟ್ಟುವುದಾಗಲಿ, ಆನೆಯನ್ನು ಹಿಡಿಯುವುದಾಗಲಿ ಸುಲಭವಲ್ಲ. ಮೈಸೂರು ದಸರೆಯಲ್ಲಿ ಎಂಟು ಸಲ ಚಿನ್ನದ ಅಂಬಾರಿಯನ್ನು ಹೊತ್ತ ಅರ್ಜುನನೆಂಬ ಆನೆಯು 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರಿನ ಕಡೆ, ಕಾಡಾನೆಯ ಕಾರ್ಯಾಚರಣೆಯಲ್ಲಿದ್ದಾಗ ಸಲಗವೊಂದರೊಡನೆ ಹೋರಾಡಿ ಮಡಿಯಿತು.

ಅಷ್ಟು ಕಷ್ಟಪಟ್ಟು ಪಡೆದ ಸಂದೇಶಕ್ಕೂ ವಯಸ್ಸುಂಟು. ವಿದ್ಯುತ್ಕೋಶವು ಬಹುಕಾಲ ಬಾಳಬೇಕಾದುದರಿಂದ ಪಟ್ಟಿಯು ಪ್ರತಿ ನಿಮಿಷವೂ ಸ್ಥಾನವನ್ನು ತಿಳಿಸಲಾರದು. ನಡುವೆ ಬಿಡುವು ಇದ್ದೇ ಇರುತ್ತದೆ. ಗಂಟೆಗೆ 4 ಕಿಲೋಮೀಟರ್ ವೇಗದಿಂದ ನಡೆಯುವ ಆನೆಯು ಅರ್ಧ ಗಂಟೆಯಲ್ಲಿ 2 ಕಿಲೋಮೀಟರ್ ಹೋಗಬಲ್ಲುದು. ಯಾವ ದಿಕ್ಕಿಗೆ ಹೋಯಿತೆಂಬುದು ತಿಳಿಯದು. ಆದುದರಿಂದ ಅದು 2 ಕಿಲೋಮೀಟರ್ ತ್ರಿಜ್ಯದ ವೃತ್ತದೊಳಗೆ ಎಲ್ಲಿಯಾದರೂ ಇರಬಹುದು. ಆ ವೃತ್ತದ ವಿಸ್ತೀರ್ಣ 12.6 ಚದರ ಕಿಲೋಮೀಟರ್. ಸಂದೇಶವು ಒಂದು ಗಂಟೆ ಹಳೆಯದಾದರೆ 50 ಚದರ ಕಿಲೋಮೀಟರ್! ಕಾಲ ಇಮ್ಮಡಿಯಾದರೆ ಸಂಶಯದ ಪ್ರದೇಶ ನಾಲ್ಮಡಿಯಾಗುತ್ತದೆ. ಮೇಯುತ್ತ ನಿಂತ ಆನೆ ಇಷ್ಟು ದೂರ ಹೋಗುವುದಿಲ್ಲವೆಂಬುದು ನಿಜ. ಆದರೆ ಎಚ್ಚರಿಕೆಯನ್ನು ನೀಡಬೇಕಾದವನು ಅತ್ಯಧಿಕ ದೂರವನ್ನೇ ಲೆಕ್ಕಕ್ಕೆ ಹಿಡಿಯಬೇಕು.

ಆದುದರಿಂದಲೇ ಯಂತ್ರದ ಜೊತೆಗೆ ಮನುಷ್ಯರೂ ಬೇಕು. ತಮಿಳುನಾಡಿನ ವಾಲ್ಪಾರೈ ಎಂಬ ಚಹಾ ತೋಟಗಳ ನಾಡಿನಲ್ಲಿ, ಆನೆ ಹತ್ತಿರವಿದ್ದರೆ ಮೊಬೈಲ್ ಸಂದೇಶವನ್ನು ಕಳುಹಿಸುವ, ದೂರದಿಂದ ಕಾಣುವ ಕೆಂಪು ದೀಪವನ್ನು ಬೆಳಗಿಸುವ ವ್ಯವಸ್ಥೆಯನ್ನು ರೂಢಿಗೆ ತಂದರು. ಹಾಸನ ಜಿಲ್ಲೆಯಲ್ಲಿಯೂ ಮೊಬೈಲ್ ಸಂದೇಶಗಳ ಮೂಲಕ ಜನರನ್ನು ಎಚ್ಚರಿಸುವ ಕ್ರಮ ಬೆಳೆದಿದೆ. ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯ ಸಿಬ್ಬಂದಿ ಮಳೆಯಲ್ಲಿ ನೆನೆಯುತ್ತ ಹೆಜ್ಜೆಗಳನ್ನು ನೋಡಿ ಹಿಂಡುಗಳ ಜಾಡನ್ನು ಹಿಡಿಯುತ್ತಾರೆ. ಉಪಗ್ರಹವು ತಿಳಿಸಿದ 50 ಚದರ ಕಿಲೋಮೀಟರಿನ ವೃತ್ತವನ್ನು, ಕದಡಿದ ನೀರಿರುವ ಒಂದು ಹೆಜ್ಜೆಯು ಒಂದು ತೋಟದ ಮೂಲೆಗೆ ಇಳಿಸುತ್ತದೆ. ಬೆಳಗಿನ ಹಾಜರಿಗೆ ಮುಂಚೆ ಆ ಸುದ್ದಿ ತೋಟದ ಲೈನುಗಳನ್ನು ಮುಟ್ಟಿದರೆ, ಆ ಮೂಲೆಗೆ ಅಂದು ಯಾರೂ ಕೆಲಸಕ್ಕೆ ಹೋಗುವುದಿಲ್ಲ. ಮಳೆಗಾಲದ ವೀಕ್ಷಣೆಯಿಂದ ದೊರೆಯಬೇಕಾದ ಫಲ ಇದೇ.

ವಿದ್ಯಾರ್ಥಿಗಳು ಮಾಡಿ ನೋಡಬೇಕಾದುವು

ಆನೆಯ ಹೆಜ್ಜೆಯನ್ನು ಹಿಂಬಾಲಿಸಿ ಹೋಗುವ ಸಾಹಸವನ್ನು ಯಾರೂ ಮಾಡಬಾರದು. ಮೇಲಿನ ತತ್ತ್ವಗಳನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು.

1. ಗಾಜಿನ ಲೋಟದಲ್ಲಿ ನೀರು ತುಂಬಿ ಒಂದು ಚಮಚ ತೋಟದ ಮಣ್ಣನ್ನು ಕದಡಿರಿ. ಲೋಟದ ಹಿಂದೆ ಅಚ್ಚಾದ ಕಾಗದವನ್ನಿಟ್ಟು, ಅಕ್ಷರಗಳು ಎಷ್ಟು ಹೊತ್ತಿಗೆ ಕಾಣತೊಡಗುತ್ತವೆಂಬುದನ್ನು ಗುರುತುಹಾಕಿಕೊಳ್ಳಿರಿ. ಮರಳು, ಗೋಡು, ಜೇಡಿಮಣ್ಣುಗಳಿಂದ ಬೇರೆ ಬೇರೆಯಾಗಿ ಮಾಡಿ ಹೋಲಿಸಿರಿ.

2. ಒದ್ದೆಯಾದ ಪಾದವನ್ನು ಚೌಕಳಿ ಕಾಗದದ ಮೇಲೆ ಊರಿ ಚೌಕಗಳನ್ನು ಎಣಿಸಿರಿ. ನಿಮ್ಮ ತೂಕವನ್ನು ಎರಡು ಪಾದಗಳ ವಿಸ್ತೀರ್ಣದಿಂದ ಭಾಗಿಸಿ, ಬಂದುದನ್ನು ಆನೆಯ ಒತ್ತಡದೊಡನೆ ಹೋಲಿಸಿರಿ.

3. ಗಂಟೆಗೆ 3 ಕಿಲೋಮೀಟರ್ ವೇಗದಿಂದ ನಡೆಯುವ ಆನೆಯ ಸ್ಥಾನವನ್ನು 40 ನಿಮಿಷಗಳ ಹಿಂದೆ ತಿಳಿಸಿದ ಸಂದೇಶವೊಂದು ಬಂದಿದೆ. ಊರು ಆ ಸ್ಥಾನದಿಂದ ಒಂದೂವರೆ ಕಿಲೋಮೀಟರ್ ದೂರದಲ್ಲಿದೆ. ಊರಿಗೆ ಎಚ್ಚರಿಕೆ ಕೊಡಬೇಕೇ, ಬೇಡವೇ? ಕಾರಣವನ್ನು ಹೇಳಿರಿ.